ಅಚ್ಚಿಗೆ ಸವರಿದ ಎಣ್ಣೆ

ನವೆಂಬರ್ ತಿಂಗಳ ಎರಡನೆಯ ಸೋಮವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತೈದು ನಿಮಿಷ. ಸ್ಥಳ, ಮಂಚಿಕೇರಿಯಿಂದ ಒಂದೂವರೆ ಮೈಲಿ ಒಳಗೆ ನನ್ನ ತಂಗಿ ಅಡಿಕೆ ಹಾಳೆಯ ತಟ್ಟೆ ತಯಾರಿಸುವ ಶೆಡ್ಡು. ಹಾಜರಿದ್ದವರು ನಾನು, ನನ್ನ ತಂಗಿ, ಅವಳ ಬಳಿ ಕೆಲಸ ಮಾಡುವ ಇಬ್ಬರು ಹೆಂಗಸರು.

ತಿಂಗಳ ಎರಡನೆಯ ಸೋಮವಾರ ನಾನು ತಂಗಿಯ ಮನೆಗೆ ಹೋಗುವ ದಿನ. ಶಿರಸಿಯಿಂದ ಮೊದಲ ಬಸ್ಸು, ಮಂಚಿಕೇರಿಯಲ್ಲಿ ಇಳಿದು ನಡಿಗೆ. ನಿವೃತ್ತಿಯಾದ ಮೇಲೆ ಈ ಕ್ರಮ ಒಮ್ಮೆಯೂ ತಪ್ಪಿಲ್ಲ. ಶೆಡ್ಡಿನ ಬಾಗಿಲಲ್ಲಿ ನನ್ನನ್ನು ಕಂಡ ಕೂಡಲೇ ಇಬ್ಬರಲ್ಲಿ ಹಿರಿಯಳಾದ ಹೆಂಗಸು ಒಳಗೆ ಕೂಗಿ ಹೇಳಿದಳು.

"ಅಮ್ಮಾ, ಅಣ್ಣೋರು ಬಂದ್ರು. ಗಡಿಯಾರ ನೋಡ್ಕಂಡು ಇವ್ರು ಬರ್ತ್ರೋ, ಇವ್ರನ್ನ ನೋಡ್ಕಂಡು ಗಡಿಯಾರ ನಡೀತದೋ, ದೇವ್ರಿಗೇ ಗೊತ್ತು."

ನಾನು ನಗಲಿಲ್ಲ. ಒಳಗಿಂದ ಬಂದ ವಾಸನೆ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿತ್ತು. ಹಾಳೆ ತಟ್ಟೆಯ ಶೆಡ್ಡಿನಲ್ಲಿ ನೆನೆದ ಹಾಳೆಯ ಹಸಿವಾಸನೆ ಇರುತ್ತದೆ, ಬಿಸಿಗೆ ಅದು ಸ್ವಲ್ಪ ಸಿಹಿಯಾಗುತ್ತದೆ. ಅಂದು ಅದರ ಕೆಳಗೆ ಇನ್ನೊಂದು ವಾಸನೆಯಿತ್ತು. ಬಸ್ಸಿನ ಎಂಜಿನ್ ಬಿಚ್ಚಿದಾಗ ಬರುವ ವಾಸನೆ. ಶಿರಸಿಯ ಬಸ್ ಡಿಪೋದ ಸ್ಟೋರಿನಲ್ಲಿ ನಾನು ಮೂವತ್ತು ವರ್ಷ ಕೆಲಸ ಮಾಡಿದವನು. ಆ ವಾಸನೆಯಲ್ಲಿ ನನಗೆ ತಪ್ಪು ಆಗುವುದಿಲ್ಲ.

ಯಂತ್ರದ ವಿಷಯ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಅಡಿಕೆ ಮರದಿಂದ ಬಿದ್ದ ಹಾಳೆಯನ್ನು ತೊಳೆದು, ನೆನೆಸಿ, ಕರೆಂಟಿನಿಂದ ಕಾಯಿಸಿದ ಎರಡು ಲೋಹದ ಅಚ್ಚುಗಳ ನಡುವೆ ಇಟ್ಟು ಒತ್ತುತ್ತಾರೆ. ಅರ್ಧ ನಿಮಿಷದಲ್ಲಿ ತಟ್ಟೆ. ಮಳೆಗಾಲದಲ್ಲಿ ಒಣ ಹಾಳೆ ಸಿಗದು, ಆದ್ದರಿಂದ ಜೂನ್‌ನಿಂದ ಅಕ್ಟೋಬರ್‌ವರೆಗೆ ಶೆಡ್ಡು ಮುಚ್ಚಿರುತ್ತದೆ. ಆ ತೇವದಲ್ಲಿ ಅಚ್ಚಿಗೆ ತುಕ್ಕು ಹಿಡಿಯದಂತೆ ಏನಾದರೂ ಎಣ್ಣೆ ಸವರಿ ಇಡಬೇಕು.

ಆ ವರ್ಷ ಶೆಡ್ಡು ಮುಚ್ಚುವ ಮೊದಲು ತಂಗಿ ನನಗೆ ಫೋನ್ ಮಾಡಿದ್ದಳು. "ಅಣ್ಣಾ, ಕೊಬ್ಬರಿ ಎಣ್ಣೆ ಸವರಿದ್ರೆ ಮಳೆಗಾಲ ಮುಗಿಯದ್ರೊಳಗೆ ಕಮಟು ಹಿಡೀತು, ಇರುವೆ ಬತ್ತು. ಬೈಕಿಗೆ ಹಾಕ ಎಂಜಿನ್ ಎಣ್ಣೆ ಸವರಲಕ್ಕಾ? ಅಪಾಯ ಎಂತಾರೂ ಇದ್ದಾ?"

ನಾನು ಒಂದು ನಿಮಿಷ ತಡೆ ಎಂದು ಹೇಳಿ ಕಪಾಟಿನಿಂದ ಫೈಲು ತೆಗೆದೆ.

ಈ ಫೈಲಿನ ಬಗ್ಗೆ ಹೇಳಬೇಕು. ಡಿಪೋಗೆ ಬರುವ ಪ್ರತಿಯೊಂದು ಎಣ್ಣೆ, ಗ್ರೀಸು, ಬ್ಯಾಟರಿಯ ಆಮ್ಲಕ್ಕೆ ತಯಾರಕರು ಒಂದು ಸುರಕ್ಷತಾ ಮಾಹಿತಿ ಪತ್ರ ಕೊಡುತ್ತಾರೆ. ಅದರಲ್ಲಿ ಹದಿನಾರು ವಿಭಾಗ. ವಸ್ತು ಯಾವುದು, ಅಪಾಯವೇನು, ಅದರಲ್ಲಿ ಏನೇನು ಇದೆ, ಕಣ್ಣಿಗೆ ಬಿದ್ದರೆ ಏನು ಮಾಡಬೇಕು, ಬೆಂಕಿ ಹತ್ತಿದರೆ ನೀರು ಹಾಕಬಹುದೇ, ನೆಲಕ್ಕೆ ಚೆಲ್ಲಿದರೆ ಮರಳು ಹಾಕಬೇಕೇ, ಹೀಗೆ. ಬಹಳ ಜನ ಅದನ್ನು ಓದದೆ ಡಬ್ಬಿಯ ಕೆಳಗೆ ಸೇರಿಸುತ್ತಿದ್ದರು. ನಾನು ಪ್ರತಿಯೊಂದನ್ನೂ ಕನ್ನಡದಲ್ಲಿ ಬರೆದು, ರಂಧ್ರ ಹೊಡೆದು, ಫೈಲಿಗೆ ಹಾಕಿ, ಒಂದು ಪ್ರತಿಯನ್ನು ಗೋಡೆಗೆ ಅಂಟಿಸುತ್ತಿದ್ದೆ. ಒಮ್ಮೆ ಡೀಸೆಲ್ ಡ್ರಮ್ಮಿನ ಬಳಿ ಬೆಂಕಿ ಕಾಣಿಸಿಕೊಂಡಾಗ ಒಬ್ಬ ಮೆಕ್ಯಾನಿಕ್ ನೀರಿನ ಬಕೆಟ್ ಎತ್ತಿದ್ದ. ಗೋಡೆಯ ಕಾಗದ ಓದಿದ್ದ ಇನ್ನೊಬ್ಬ ಅವನ ಕೈ ಹಿಡಿದು ಮರಳು ಚೆಲ್ಲಿದ. ಅಂದಿನಿಂದ ನನಗೆ ಆ ಪತ್ರಗಳ ಮೇಲೆ ಇದ್ದ ನಂಬಿಕೆ ಇನ್ನೂ ಗಟ್ಟಿಯಾಯಿತು. ನಿವೃತ್ತನಾಗುವಾಗ ಒಂದು ಪ್ರತಿಯನ್ನು ಮನೆಗೆ ತಂದುಕೊಂಡೆ.

ಎಂಜಿನ್ ಎಣ್ಣೆಯ ಪತ್ರದ ಎರಡನೆಯ ವಿಭಾಗದಲ್ಲಿ ಒಂದು ಸಾಲು ಇದೆ: "ಈ ಉತ್ಪನ್ನವನ್ನು ಅಪಾಯಕಾರಿ ಎಂದು ವರ್ಗೀಕರಿಸಲಾಗಿಲ್ಲ." ನಾನು ಅದನ್ನು ಫೋನಿನಲ್ಲಿ ಅವಳಿಗೆ ಓದಿ ಹೇಳಿದೆ.

"ಹಾಂಗಾರೆ ಸವರಲಕ್ಕು?"

"ಸವರು. ತೊಂದರೆ ಇಲ್ಲೆ."

ಇಷ್ಟೇ ನಡೆದದ್ದು. ಅವಳು ಫೋನ್ ಇಟ್ಟಳು, ನಾನು ಫೈಲು ಇಟ್ಟೆ. ಅಚ್ಚು ಯಾವುದಕ್ಕೆ ಬಳಕೆಯಾಗುತ್ತದೆ ಎಂದು ನನಗೆ ತಿಳಿಯದೆ ಇರಲಿಲ್ಲ. ಅದರಲ್ಲಿ ಒತ್ತಿದ ತಟ್ಟೆಯಲ್ಲಿ ನಾನೇ ಎಷ್ಟೋ ಸಲ ಉಂಡಿದ್ದೇನೆ.

ಆ ಸೋಮವಾರ ಬಾಗಿಲಲ್ಲಿ ನಿಂತು ನಾನು ಕೇಳಿದ ಮೊದಲ ಪ್ರಶ್ನೆ, ಅಚ್ಚು ಹೇಗೆ ತೊಳೆದೆ ಎಂದು.

"ಒಣ ಬಟ್ಟೆಲಿ ಗಟ್ಟಿಯಾಗಿ ಒರಸಿದ್ದೆ," ಎಂದಳು ತಂಗಿ. "ಮೊದ್ಲು ಇಪ್ಪತ್ತು ತಟ್ಟೆ ಕಪ್ಪು ಹಿಡದಿತ್ತು, ಬಿಸಾಡಿದ್ದೆ. ಆಮೇಲಿಂದು ಚೊಕ್ಕ ಬಂಜು. ನೋಡು ಬೇಕಾದ್ರೆ."

ನೋಡಿದೆ. ತಟ್ಟೆಗಳು ನೋಡುವುದಕ್ಕೆ ಚೊಕ್ಕವಾಗಿಯೇ ಇದ್ದವು. ಯಂತ್ರ ನಿಲ್ಲಿಸಲು ಹೇಳಿದೆ. ಚೀಲದಿಂದ ಬಿಳಿ ಕರವಸ್ತ್ರ ತೆಗೆದು, ಇನ್ನೂ ಬೆಚ್ಚಗಿದ್ದ ಕೆಳಗಿನ ಅಚ್ಚಿನ ಅಂಚಿನ ಗೆರೆಗಳಲ್ಲಿ ಒತ್ತಿ ಎಳೆದೆ. ತಟ್ಟೆಯ ಅಂಚಿಗೆ ಅಲೆಯ ಆಕಾರ ಕೊಡುವ ಗೆರೆಗಳು ಅವು. ಕರವಸ್ತ್ರದ ಮೇಲೆ ಒಂದೊಂದು ಗೆರೆಯೂ ಕಂದುಬಣ್ಣದಲ್ಲಿ ಮೂಡಿತು. ಮೇಲಿನ ಅಚ್ಚಿಗೂ ಹಾಗೇ ಮಾಡಿದೆ. ಅಲ್ಲಿ ಬಣ್ಣ ತಿಳಿಯಾಗಿತ್ತು.

"ಎರಡಕ್ಕೂ ಒಂದೇ ಎಣ್ಣೆನಾ?"

ತಂಗಿ ಮೂಲೆಯ ಖಾಲಿ ಡಬ್ಬಿ ಎತ್ತಿ ತೋರಿಸಿದಳು. "ಡಬ್ಬಿಲಿ ಉಳದಿದ್ದ ಹೊಸ ಎಣ್ಣೆ ಮೇಲಿನ ಅಚ್ಚಿಗಷ್ಟೇ ಸಾಕಾತು. ಕೆಳಗಿಂದಕ್ಕೆ ಬೈಕಿಂದ ಇಳಿಸಿದ್ದು ಇತ್ತಲಾ, ಅದ್ನೇ ಸವರಿದ್ದೆ. ಎಣ್ಣೆ ಎಣ್ಣೆನೇ ಅಲ್ದಾ?"

ನಾನು ಅಚ್ಚಿನ ಪಕ್ಕದ ಮೂಟೆಯ ಮೇಲೆ ಕುಳಿತು ಫೋನು ತೆಗೆದೆ. ಅದರಲ್ಲಿ ಫೈಲಿನ ಪುಟಗಳ ಚಿತ್ರ ಇಟ್ಟುಕೊಂಡಿದ್ದೆ. ಈ ಸಲ ಮೊದಲ ವಿಭಾಗದಿಂದ ಓದಿದೆ.

ಮೊದಲ ವಿಭಾಗ: ಉದ್ದೇಶಿತ ಬಳಕೆ, ಎಂಜಿನ್‌ಗಳಿಗೆ. ಬೇರೆ ಬಳಕೆಗೆ ತಯಾರಕರನ್ನು ಕೇಳದೆ ಉಪಯೋಗಿಸಬಾರದು. ಮೂರನೆಯದು: ಖನಿಜ ತೈಲ ಇಷ್ಟರಿಂದ ಇಷ್ಟು ಭಾಗ, ಸೇರ್ಪಡೆಗಳು ಇಷ್ಟರಿಂದ ಇಷ್ಟು, ಪೂರ್ಣ ವಿವರ ವ್ಯಾಪಾರ ರಹಸ್ಯ. ನಾಲ್ಕನೆಯದು: ನುಂಗಿದರೆ ವಾಂತಿ ಮಾಡಿಸಬಾರದು, ವೈದ್ಯರನ್ನು ಕಾಣಬೇಕು. ಹನ್ನೊಂದನೆಯದರಲ್ಲಿ ಸಾಲು ಸಾಲಾಗಿ "ಲಭ್ಯ ಮಾಹಿತಿಯ ಪ್ರಕಾರ ವರ್ಗೀಕರಿಸಿಲ್ಲ", "ಮಾಹಿತಿ ಲಭ್ಯವಿಲ್ಲ". ಆ ವಿಭಾಗದ ಕಟ್ಟಕಡೆಗೆ, ಬಳಸಿದ ಎಂಜಿನ್ ಎಣ್ಣೆಯಲ್ಲಿ ಎಂಜಿನ್ ಓಡುವಾಗ ಸೇರಿದ ಹಾನಿಕಾರಕ ಕಲ್ಮಶಗಳು ಇರಬಹುದು, ಚರ್ಮಕ್ಕೆ ಹೆಚ್ಚು ಕಾಲ ತಾಗಬಾರದು ಎಂಬ ಸಾಲು.

ಆ ಸಾಲು ಕನ್ನಡದಲ್ಲಿ ನನ್ನದೇ ಕೈಬರಹದಲ್ಲಿತ್ತು. ಬರೆದಿದ್ದೆ, ಗೋಡೆಗೂ ಅಂಟಿಸಿದ್ದೆ. ಫೋನಿನಲ್ಲಿ ಕೇಳಿದಾಗ ಎರಡನೆಯ ವಿಭಾಗ ದಾಟಿ ಮುಂದೆ ಹೋಗಿರಲಿಲ್ಲ. ಇನ್ನೊಂದು ಸಂಗತಿ, ಆ ಹದಿನಾರು ವಿಭಾಗಗಳಲ್ಲಿ ಎಲ್ಲಿಯೂ ತಟ್ಟೆ ಇಲ್ಲ. ಎಣ್ಣೆಯನ್ನು ಡಬ್ಬಿಯಿಂದ ಎಂಜಿನ್‌ಗೆ ಸುರಿಯುವ ಮನುಷ್ಯನಿಗಾಗಿ ಬರೆದ ಪತ್ರ ಅದು. ಕೈಗವಸು ಹಾಕಿಕೊಳ್ಳಿ, ಕೈ ತೊಳೆಯಿರಿ ಎಂದು ಅವನಿಗೆ ಹೇಳುತ್ತದೆ. ಕಾಯಿಸಿದ ಅಚ್ಚಿನಿಂದ ಹಾಳೆಗೆ ಇಳಿದು, ಬಿಸಿ ಅನ್ನದ ಕೆಳಗೆ ಕೂತ ಎಣ್ಣೆ ಏನು ಮಾಡುತ್ತದೆ ಎಂದು ಅದನ್ನು ಬರೆದವರನ್ನು ಯಾರೂ ಕೇಳಿರಲಿಲ್ಲ, ಅವರು ಹೇಳಿರಲೂ ಇಲ್ಲ. ಹೇಳದೆ ಇದ್ದದ್ದನ್ನು ನಾನು ಅಪಾಯವಿಲ್ಲ ಎಂದು ಓದಿ ಹೇಳಿದ್ದೆ.

"ತಟ್ಟೆ ಯಾರಿಗೆ?" ಎಂದು ಕೇಳಿದೆ.

ಅದು ಆ ಋತುವಿನ ಮೊದಲ ಆರ್ಡರು. ಎರಡು ಫರ್ಲಾಂಗು ಆಚೆಯ ಮನೆಯಲ್ಲಿ ಹಿರಿಯಜ್ಜಿ ತೀರಿಕೊಂಡು ಅಂದಿಗೆ ಹನ್ನೆರಡನೆಯ ದಿನ. ಮರುದಿನ ಹದಿಮೂರನೆಯ ದಿನದ ಊಟ. ಪಂಕ್ತಿಯಲ್ಲಿ ಕೂರುವವರಿಗೆ ಬಾಳೆ ಎಲೆ, ಅಂಗಳದಲ್ಲಿ ನಿಂತು ಉಣ್ಣುವವರಿಗೆ ಹಾಳೆ ತಟ್ಟೆ. ಒಟ್ಟು ನಾಲ್ಕು ನೂರು. ಇನ್ನೂರು ಶನಿವಾರವೇ ಹೋಗಿತ್ತು. ಉಳಿದ ಇನ್ನೂರರ ಕಡೆಯ ತಟ್ಟೆಯನ್ನು ಆಗಷ್ಟೇ ಒತ್ತಿ ಮುಗಿಸಿದ್ದರು, ಕಟ್ಟುಗಳು ಬಾಗಿಲ ಬಳಿ ಇದ್ದವು.

"ಅಲ್ಲಿದ್ದ ಇನ್ನೂರನ್ನೂ ವಾಪಸ್ ತರವು," ಎಂದೆ. "ಇದೂ ಹೋಗಲಾಗ."

ತಂಗಿಯ ಮುಖ ಕೆಂಪಾಯಿತು. "ನೀನೇ ಹೇಳಿದ್ಯಲಾ ಅಣ್ಣಾ, ತೊಂದರೆ ಇಲ್ಲೆ ಹೇಳಿ. ಸಾವಿನ ಮನೆಗೆ ಹೋಗಿ ಆನು ಎಂತ ಹೇಳದು? ನಾಳೆ ಊಟ ಅವಕ್ಕೆ. ಇನ್ನು ಈ ಊರಲ್ಲಿ ಯಾರು ಯನ್ನ ತಟ್ಟೆ ತಗತ್ತ?"

ಕಿರಿಯ ಹೆಂಗಸು ತಗ್ಗಿದ ದನಿಯಲ್ಲಿ, "ಬಿಸಿನೀರಾಗೆ ತೊಳದ್ರೆ ಹೋಗೂದಿಲ್ವೇನ್ರಾ?" ಎಂದಳು.

"ಹಾಳೆ ಎಣ್ಣೆ ಕುಡೀತದೆ ಮಾರಾಯ್ತಿ," ಎಂದು ಹಿರಿಯಳು ಅವಳಿಗೆ ಉತ್ತರ ಕೊಟ್ಟಳು. "ನಿನ್ ಗಂಡನ ಅಂಗಿ ತೊಳದು ನೋಡಿಲ್ವಾ, ಟಿಲ್ಲರ್ ರಿಪೇರಿ ಮಾಡ್ದಾಗ?"

ಆ ಮಾತಿಗೆ ನಗೆ ಬರಲಿಲ್ಲ. ಆದರೆ ವಾದ ಅಲ್ಲಿಗೆ ನಿಂತಿತು.

ಎಂಟೂಕಾಲಕ್ಕೆ ನಾನು ಪತ್ರದಲ್ಲಿದ್ದ ಸಹಾಯದ ಸಂಖ್ಯೆಗೆ ಫೋನ್ ಮಾಡಿದೆ. ಡಿಪೋದಲ್ಲಿ ಇದ್ದಷ್ಟು ವರ್ಷ ಆ ಸಂಖ್ಯೆಗೆ ಮಾಡುವ ಸಂದರ್ಭ ಬಂದಿರಲಿಲ್ಲ. ಮಾತಾಡಿದವರು ಸೌಜನ್ಯದ ಮನುಷ್ಯ. ಎಣ್ಣೆಯ ದರ್ಜೆ ಕೇಳಿದರು. ಹೊಸದೋ ಬಳಸಿದ್ದೋ ಎಂದು ಕೇಳಿದರು. ಎರಡೂ ಎಂದೆ. ಬಳಸಿದ್ದಕ್ಕೆ ಈ ಪತ್ರ ಅನ್ವಯಿಸುವುದಿಲ್ಲ, ಯಾವ ಎಂಜಿನ್‌ನಲ್ಲಿ ಎಷ್ಟು ಓಡಿತು ಎನ್ನುವುದರ ಮೇಲೆ ಅದರಲ್ಲಿ ಇರುವುದು ಬದಲಾಗುತ್ತದೆ, ಪರೀಕ್ಷೆ ಮಾಡಿಸದೆ ಯಾರೂ ಹೇಳಲಾರರು ಎಂದರು. ಹೊಸದೂ ಆಹಾರಕ್ಕೆ ತಾಗುವ ಕೆಲಸಕ್ಕೆ ಅಲ್ಲ, ಅದಕ್ಕೆ ಬೇರೆಯೇ ಎಣ್ಣೆಗಳಿವೆ ಎಂದರು. ನಾನು ಬರೆದುಕೊಂಡು, ಓದಿ ಹೇಳಿ, ಸರಿಯೇ ಎಂದು ಕೇಳಿ, ಫೋನ್ ಇಟ್ಟೆ.

ಆಮೇಲೆ ತಂಗಿಗೆ ಹೇಳಿದೆ, "ನೀ ಬರಡ. ಆನು ಹೋಗ್ತೆ. ಹೇಳಿದ್ದು ಆನು."

ಅವಳು ಸೆರಗಿಗೆ ಕೈ ಒರೆಸಿಕೊಂಡು ಚಪ್ಪಲಿ ಮೆಟ್ಟಿದಳು. "ಹೇಳಿದ್ದು ನೀನು, ತಟ್ಟೆ ಯಂದು," ಎಂದಳು. ಇಬ್ಬರೂ ಹೊರಟೆವು. 

ಆ ಮನೆಯಲ್ಲಿ ಹೋಮದ ಹೊಗೆ ಇತ್ತು. ಮನೆಯ ಯಜಮಾನರು ತಲೆ ಬೋಳಿಸಿಕೊಂಡು ಭಟ್ಟರ ಎದುರು ಕೂತಿದ್ದರು. ಅವರನ್ನು ಎಬ್ಬಿಸುವ ಹಾಗಿರಲಿಲ್ಲ. ಅವರ ಹೆಂಡತಿ ಹಿತ್ತಲ ಜಗಲಿಯಲ್ಲಿ ತರಕಾರಿ ಎಣಿಸುತ್ತಿದ್ದರು. "ಬನ್ನಿ ಭಾವಯ್ಯ, ಆಸರಿಗೆ ಎಂತ ಕುಡೀತ್ರಿ?" ಎಂದರು. ಏನೂ ಬೇಡ ಎಂದೆ. ನಿಂತುಕೊಂಡೇ ವಿಷಯ ಹೇಳಿದೆ. ಎಣ್ಣೆ ಯಾವುದು, ಯಾರು ಸವರಿದ್ದು, ಯಾರು ಸವರು ಎಂದದ್ದು, ಅದೇ ಕ್ರಮದಲ್ಲಿ.

ಅವರು ಕೈಯಲ್ಲಿದ್ದ ಸೌತೆಕಾಯಿಯನ್ನು ಕೆಳಗಿಟ್ಟರು. "ನಿನ್ನೆ ಬಂದವಕ್ಕೆಲ್ಲಾ ಅದ್ರಲ್ಲೇ ಉಪ್ಪಿಟ್ಟು ಕೊಟ್ಟಿದ್ಯ," ಎಂದರು.

ಒಳಗಿನಿಂದ ಅವರ ಮಗಳು ಬಂದಳು. ಮದುವೆಯಾಗಿ ಸಿದ್ದಾಪುರದಲ್ಲಿ ಇರುವವಳು, ಅಜ್ಜಿಯ ಕಾರ್ಯಕ್ಕೆ ಬಂದಿದ್ದಳು. ಆರು ತಿಂಗಳ ಬಸುರಿ. ನಾನು ಹೇಳಿದ್ದನ್ನು ಬಾಗಿಲ ಹಿಂದೆ ನಿಂತು ಪೂರ್ತಿ ಕೇಳಿದ್ದಳು.

"ಮಾವಾ, ಆನು ಎರಡು ಸಲ ತಿಂದಿದ್ದೆ. ಬಿಸಿಬಿಸಿದು. ವಾಸನೆ ಬಂದಿತ್ತು, ಹೊಗೆ ವಾಸನೆ ಮಾಡ್ಕಂಡಿದ್ದೆ. ಮಗೀಗೆ ಎಂತಾರೂ ಆಗ್ತಾ? ನಿಂಗಳ ಕಾಗದದಲ್ಲಿ ಎಂತ ಬರದ್ದು?"

ಕಾಗದದಲ್ಲಿ ಅದಕ್ಕೂ ಒಂದು ಸಾಲು ಇತ್ತು. ಹನ್ನೊಂದನೆಯ ವಿಭಾಗ, ಸಂತಾನಕ್ಕೆ ಆಗುವ ಪರಿಣಾಮ: ಲಭ್ಯ ಮಾಹಿತಿಯ ಪ್ರಕಾರ ವರ್ಗೀಕರಿಸಿಲ್ಲ. ಓದಿದ್ದರೆ ಆ ಹುಡುಗಿಯ ಮುಖ ಸ್ವಲ್ಪ ಸಡಿಲವಾಗುತ್ತಿತ್ತು. ನನಗೂ ಅಲ್ಲಿಂದ ಹೊರಡುವುದು ಸುಲಭವಾಗುತ್ತಿತ್ತು. ಆದರೆ ಅದು ಹೊಸ ಎಣ್ಣೆಯ ಮಾತು. ಅವಳು ತಿಂದ ತಟ್ಟೆಯ ಕೆಳಭಾಗಕ್ಕೆ ತಾಗಿದ್ದು ಯಾವ ಎಣ್ಣೆ ಎಂದು ನನಗೆ ಗೊತ್ತಿತ್ತು.

"ಯಂಗೆ ಗೊತ್ತಿಲ್ಲೆ ಕೂಸೇ," ಎಂದೆ. "ಕಾಗದಕ್ಕೂ ಗೊತ್ತಿಲ್ಲೆ. ನಿನ್ನ ಡಾಕ್ಟ್ರಿಗೆ ಈಗಲೇ ಫೋನ್ ಮಾಡನ. ಕಾಗದದಲ್ಲಿ ಇದ್ದಷ್ಟನ್ನ ಆನು ಅವಕ್ಕೆ ಹೇಳ್ತೆ."

ಸ್ಟೋರಿನ ಕಿಟಕಿಯಲ್ಲಿ ನಿಂತು ಕೇಳಿದವರಿಗೆ ನಾನು ಇದೆ ಅಥವಾ ಇಲ್ಲ ಎಂದು ಹೇಳಿ ರೂಢಿ. ಗೊತ್ತಿಲ್ಲ ಎಂದು ಹೇಳಿ ಕಳಿಸಿದ ನೆನಪಿಲ್ಲ.

ಸಿದ್ದಾಪುರದ ವೈದ್ಯೆ ಮೂರನೆಯ ಸಲಕ್ಕೆ ಸಿಕ್ಕರು. ಪತ್ರ ಉಪಯೋಗಕ್ಕೆ ಬಂದದ್ದು ಆಗ. ಖನಿಜ ತೈಲ, ಅದರ ದರ್ಜೆ, ಸೇರ್ಪಡೆಗಳ ಹೆಸರು, ಎಲ್ಲವನ್ನೂ ಅಕ್ಷರ ಅಕ್ಷರ ಓದಿ ಹೇಳಿದೆ. ಬಳಸಿದ ಎಣ್ಣೆ ಎಂಬುದನ್ನು ಎರಡು ಸಲ ಹೇಳಿದೆ. ಎಷ್ಟು ಹೊಟ್ಟೆಗೆ ಹೋಗಿರಬಹುದು ಎಂದು ಕೇಳಿದರು. ಕರವಸ್ತ್ರದ ಮೇಲಿನ ಗೆರೆಗಳನ್ನು ವರ್ಣಿಸುವುದಲ್ಲದೆ ನನ್ನ ಬಳಿ ಬೇರೆ ಅಳತೆ ಇರಲಿಲ್ಲ. ಅವರು ಹುಡುಗಿಯ ಜೊತೆ ಬಹಳ ಹೊತ್ತು ಮಾತಾಡಿದರು. ಕೊನೆಗೆ ನನಗೆ ಹೇಳಿದರು:

"ನೋಡಿ, ಎರಡು ಸಲ ತಿಂದಿದ್ದಕ್ಕೆ ಗಾಬರಿ ಆಗೋದು ಬೇಡ. ಹೊಟ್ಟೆನೋವು, ವಾಂತಿ ಏನಾದ್ರೂ ಬಂದ್ರೆ ಕೂಡ್ಲೆ ಕರ್ಕೊಂಡು ಬನ್ನಿ. ಇಲ್ದಿದ್ರೆ ಗುರುವಾರ ಹೇಗೂ ತಪಾಸಣೆಗೆ ಬರ್ಬೇಕು, ಆಗ ನೋಡ್ತೇನೆ. ಆದ್ರೆ ಏನೂ ಆಗೋದೇ ಇಲ್ಲ ಅಂತ ನನ್ನ ಹತ್ರ ಹೇಳಿಸ್ಬೇಡಿ."

ಆ ಮಗು ಫೆಬ್ರವರಿಯಲ್ಲಿ ಹುಟ್ಟಿತು. ಆರೋಗ್ಯವಾಗಿದೆ ಎಂದು ಹೇಳುತ್ತಾರೆ, ನಾನೂ ಎತ್ತಿಕೊಂಡಿದ್ದೇನೆ. ಅದರಿಂದ ಆ ಎಣ್ಣೆಗೆ ಯೋಗ್ಯತಾಪತ್ರ ಸಿಕ್ಕಿತು ಎಂದು ನಾನು ತಿಳಿದುಕೊಂಡಿಲ್ಲ. ನನ್ನ ತಪ್ಪಿನ ತೂಕವೂ ಅದರಿಂದ ಕಡಿಮೆಯಾಗುವುದಿಲ್ಲ.

ಆ ಹೊತ್ತಿಗೆ ಮನೆಯವರು ಮರುದಿನದ ಚಿಂತೆಗೆ ತಿರುಗಿದ್ದರು. ಇನ್ನು ಅಂಗಳದವರನ್ನೂ ಪಂಕ್ತಿಯಲ್ಲೇ ಕೂರಿಸಬೇಕು, ಆ ನಾಲ್ಕು ನೂರು ಜನಕ್ಕೆ ಎಲೆ ಎಲ್ಲಿಂದ? ತಂಗಿ ಅದುವರೆಗೆ ಕಂಬಕ್ಕೆ ಒರಗಿ ನಿಂತಿದ್ದಳು. ಈಗ ಮುಂದೆ ಬಂದಳು.

"ಎಲೆ ಆನು ತರ್ಸ್ತೆ ಅತ್ತಿಗೆ. ಯಂಗಳ ಹಿತ್ಲಲ್ಲಿ ಇದ್ದಷ್ಟು ಕೊಯ್ತೆ, ಸಾಲದ್ದನ್ನ ಆಚೆಕೇರಿಲಿ ಕೇಳ್ತೆ. ಸಂಜೆ ಐದರೊಳಗೆ ನಿಂಗಳ ಜಗಲಿ ಮೇಲೆ ಇರ್ತು."

ಆ ಹೆಂಗಸು ಅವಳ ಕಡೆ ತಿರುಗಿದರು. "ನಿಂಗ ಬಂದು ಹೇಳದೇ ಇದ್ದಿದ್ರೆ ಯಂಗಕ್ಕೆ ಗೊತ್ತೇ ಆಗ್ತಿತ್ತಿಲ್ಲೆ," ಎಂದರು. ಅದು ಮೆಚ್ಚುಗೆಯೋ ದೂರೋ ನನಗೆ ಅಂದೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ತಂಗಿಯನ್ನು ಕೇಳಿದರೆ ಅವಳಿಗೂ ಗೊತ್ತಿಲ್ಲ. ಆ ಮನೆಯಿಂದ ಆಮೇಲೆ ಆರ್ಡರು ಬಂದಿಲ್ಲ. ಬೇಡ ಎಂದೂ ಅವರು ಹೇಳಿಲ್ಲ.

ಬಾಳೆ ಎಲೆಯ ಕೆಲಸವನ್ನು ತಂಗಿಯೂ ಹಿರಿಯ ಹೆಂಗಸೂ ವಹಿಸಿಕೊಂಡರು. ಅಚ್ಚು ತೊಳೆಯುವುದು ಕಿರಿಯಳ ಪಾಲಿಗೆ. ಅಂಟುವಾಳ ಕುದಿಸಿದ ನೀರು, ತೆಂಗಿನ ನಾರಿನ ಬ್ರಷ್ಷು, ಒಂದೊಂದು ಗೆರೆಯನ್ನೂ ಬೇರೆ ಬೇರೆಯಾಗಿ ಉಜ್ಜುವುದು. ಅದಾದ ಮೇಲೂ ಅಚ್ಚನ್ನು ಕಾಯಿಸಿ ನೂರು ಹಾಳೆ ಒತ್ತಿ ಎಸೆಯಬೇಕು, ಆಮೇಲೆ ಪೇಟೆಯ ಪ್ರಯೋಗಾಲಯದಲ್ಲಿ ತಟ್ಟೆ ಪರೀಕ್ಷೆ ಮಾಡಿಸಿ ವರದಿ ಬಂದ ಮೇಲೆಯೇ ಮಾರುವುದು ಎಂದು ನಾನು ಹೇಳಿದೆ. ತಂಗಿ ಹೂಂ ಎಂದಳು. ಹಾಗೆಯೇ ಮಾಡಿದಳು ಕೂಡ. ಅದಕ್ಕೆ ಮೂರು ವಾರ ಹಿಡಿಯಿತು, ಆ ಮೂರು ವಾರ ಶೆಡ್ಡು ಮುಚ್ಚಿತ್ತು.

ನನ್ನ ಕೆಲಸ ತಟ್ಟೆಗಳದ್ದು. ಶೆಡ್ಡಿನಲ್ಲಿ ಇನ್ನೂರು. ಸಾವಿನ ಮನೆಯಿಂದ ತಂದದ್ದು ಎಣಿಸಿದರೆ ನೂರ ಅರವತ್ತೆಂಟು. ಹಿಂದಿನ ದಿನ ಬಳಸಿದ ಮೂವತ್ತೆರಡು ಎಲ್ಲಿ ಎಂದು ಕೇಳಿದೆ. ಕೊಟ್ಟಿಗೆಯ ಹಿಂದಿನ ಗೊಬ್ಬರದ ಗುಂಡಿಗೆ ಎಸೆದಿದ್ದರು. ಉಪ್ಪಿಟ್ಟು ಮೆತ್ತಿದ ಹಾಳೆ ತಟ್ಟೆಯನ್ನು ದನ ಬಿಡುವುದಿಲ್ಲ. ಪಂಚೆ ಎತ್ತಿ ಕಟ್ಟಿ, ಕೊಕ್ಕೆ ಕೋಲು ತೆಗೆದುಕೊಂಡು ಗುಂಡಿಗೆ ಇಳಿದೆ. ಮನೆಯ ಯಜಮಾನರು ಆ ಹೊತ್ತಿಗೆ ಕಾರ್ಯ ಮುಗಿಸಿ ಎದ್ದಿದ್ದರು. ಗುಂಡಿಯ ಅಂಚಿಗೆ ಬಂದು ನಿಂತರು.

"ಈ ವಯಸ್ಸಲ್ಲಿ ಅದ್ರೊಳಗೆ ಎಂತಕ್ಕೆ ಇಳದ್ದೆ ಭಾವಾ? ಆಳಿಗೆ ಹೇಳಿದ್ರೆ ತೆಗದು ಕೊಡ್ತಿದ್ದ."

"ಎಣಿಕೆ ತಪ್ಪಿಹೋಗ್ತು," ಎಂದೆ.

 ಅವರು ತಾವೂ ಒಂದು ಕೋಲು ತಂದು ಆಚೆ ಕಡೆಯಿಂದ ಕೆದಕಿದರು. ಇಬ್ಬರೂ ಸೇರಿ ಮೂವತ್ತೊಂದು ತೆಗೆದೆವು. ಒಂದು ಸಿಗಲಿಲ್ಲ. ಕೊಟ್ಟಿಗೆಯ ಸುತ್ತ, ಒಣ ಎಲೆಯ ದರಕಿನ ರಾಶಿಯ ಬಳಿ, ಅಂಗಳದ ಮೂಲೆಯಲ್ಲಿ ಹುಡುಕಿದೆವು. ನಾನು ಚೀಟಿಯಲ್ಲಿ "ಒಂದು ಸಿಕ್ಕಿಲ್ಲ" ಎಂದು ಬರೆದು, ಕೆಳಗೆ ಸಹಿ ಹಾಕಿ, ಅವರ ಕೈಗೆ ಕೊಟ್ಟೆ. ದನಗಳ ಮೇಲೆ ನಾಲ್ಕು ದಿನ ಕಣ್ಣಿಡಲು ಹೇಳಿದೆ. ಅವರು ಚೀಟಿಯನ್ನು ಮಡಚಿ ಪಂಚೆಯ ಸೊಂಟದಲ್ಲಿ ಸಿಕ್ಕಿಸಿಕೊಂಡರು.

ಐದಕ್ಕೆ ಹತ್ತು ನಿಮಿಷ ಇರುವಾಗ ಎಲೆಗಳು ಅವರ ಜಗಲಿ ತಲುಪಿದವು. ಎಣಿಸಿ ಒಪ್ಪಿಸಿದವಳು ತಂಗಿ.

ತಟ್ಟೆಗಳನ್ನು ಸುಡಬೇಡ ಎಂದು ನಾನೇ ಹೇಳಿದ್ದೆ. ಎಣ್ಣೆ ಕುಡಿದ ಹಾಳೆಯ ಹೊಗೆಯನ್ನು ಬಚ್ಚಲ ಒಲೆಯ ಎದುರು ಕೂತವರು ಸೇವಿಸಬೇಕಾಗುತ್ತದೆ. ಹಾಗೆಯೇ ಬಿಟ್ಟರೆ, ನೋಡಲು ಚೊಕ್ಕವಾಗಿರುವ ತಟ್ಟೆಯನ್ನು ಯಾರಾದರೂ ಎತ್ತಿಕೊಂಡು ಹೋಗುತ್ತಾರೆ. ಆದ್ದರಿಂದ ಪ್ರತಿಯೊಂದರ ನಡುವೆ ತೂತು ಮಾಡಿ, ಗೋಣಿಯಲ್ಲಿ ತುಂಬಿ ಬಾಯಿ ಹೊಲಿದು ಇಡುವುದು, ಯಲ್ಲಾಪುರದಲ್ಲಿ ಗ್ಯಾರೇಜಿನ ಎಣ್ಣೆಬಟ್ಟೆ ಒಯ್ಯುವ ಗಾಡಿ ಬಂದಾಗ ಅದಕ್ಕೆ ಒಪ್ಪಿಸುವುದು ಎಂದು ತೀರ್ಮಾನಿಸಿದೆ. ಶೆಡ್ಡಿನ ಮೆಟ್ಟಿಲ ಮೇಲೆ ಕೂತು, ಮರದ ತುಂಡಿನ ಮೇಲೆ ತಟ್ಟೆ ಇಟ್ಟು, ಉಳಿಯಿಂದ ಒಂದೊಂದಾಗಿ ಹೊಡೆದೆ. ತಂಗಿ ಬಂದು ಎದುರು ಕೂತು ತಟ್ಟೆ ಎತ್ತಿ ಕೊಡತೊಡಗಿದಳು. ಅವಳು ಕೊಡುವುದು, ನಾನು ಹೊಡೆಯುವುದು. ನಡುವೆ ಒಮ್ಮೆ ಅವಳು, "ಮುಂದಿನ ಮಳೆಗಾಲಕ್ಕೆ ಎಂತ ಸವರದು?" ಎಂದು ಕೇಳಿದಳು.

"ಕೇಳಿ ಹೇಳ್ತೆ," ಎಂದೆ.

ಮುನ್ನೂರ ತೊಂಬತ್ತೊಂಬತ್ತನೆಯ ತಟ್ಟೆಗೆ ತೂತು ಬಿದ್ದಾಗ ಆರು ಗಂಟೆ ಇಪ್ಪತ್ತು ನಿಮಿಷ. ಗೋಣಿಯ ಬಾಯಿ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದೆ.